ಹಳೇ ಜೆಟ್ ಟ್ರೇನರ್‌ಗೆ ಹೊಸ ಕಂಪ್ಯೂಟರ್ ಹಾಕಿದ್ರೆ ಸಾಕಾ, ಹೊಸ ವಿಮಾನಾನೇ ಬೇಕಾ?

ಬೀದರ್‌ಮಂದಿ:
ನಾ ಬೀದರ್‌ನವ. ಮುಂಜಾನಿ ಎದ್ರ ಸಾಕು, ತಲಿ ಮ್ಯಾಲ ಹಾಕ್ ವಿಮಾನ, ಅಂದ್ರ ಏರ್‌ಫೋರ್ಸ್‌ನವ್ರು ಪೈಲಟ್‌ಗೆ ಕಲಿಸೋ ಜೆಟ್, ಹಾರ್ಲತ್ತಾವ. ನಮ್ಮ ಅಣ್ಣನ ಮಗ ಎನ್‌ಸಿಸಿ ಏರ್ ವಿಂಗ್‌ನಾಗ ಅದಾನ, ಫೈಟರ್ ಪೈಲಟ್ ಆಗ್ಬೇಕಂತ ಭಾಳ ಆಸೆ ಅವನಿಗೆ. ಮೊನ್ನೆ ಕೇಳ್ದ, ಕಾಕಾ, 2008ರಾಗ ಬಂದ ಹಾಕ್‌ನಾಗ ಕಲ್ತು ನಾಳೆ ರಫೇಲ್ ಹಾರಿಸೋದು ಹ್ಯಾಂಗ ಅಂತ. ನನಗ ಹೇಳಾಕ ಬರಲಿಲ್ಲ. ಎಚ್‌ಎಎಲ್‌ನವ್ರು ಅದೇ ಹಾಕ್‌ಗೆ ಹೊಸ ಕಂಪ್ಯೂಟರ್ ಹಾಕಿ ಹಾಕ್-ಐ ಅಂತ ಮಾಡ್ಯಾರಲ್ಲ, ಅದರಿಂದ ಖರೇನೇ ಉಪಯೋಗ ಅದ ಏನ್ರಿ, ಇಲ್ಲಾ ಹೊಸಾದು ಬರೋತನಕ ದಿನಾ ದೂಡೋದಾ? ತಿಳಿದವ್ರು ಹೇಳ್ರಿ.

ಏರ್‌ಫ್ರೇಮ್_ಫಿಟ್ಟರ್:
ನಾನು ಏರ್‌ಫೋರ್ಸ್‌ನಿಂದ ರಿಟೈರ್ ಆದವನು ಸರ್, ಕಿರಣ್ ಅನ್ನೋ ಹಳೇ ಜೆಟ್ ಟ್ರೇನರ್ ಮೇಲೆ ವರ್ಷಗಟ್ಲೆ ಕೆಲಸ ಮಾಡಿದ್ದೀನಿ. ಕಾಕ್‌ಪಿಟ್ ಆಮೇಲೆ, ಮೊದಲು ರೆಕ್ಕೆ ನೋಡ್ಬೇಕು. ಕಲಿಯೋ ಹುಡುಗ್ರು ಲೂಪ್ ಹೊಡೀತಾರೆ, ದಪ್ ಅಂತ ಇಳಿಸ್ತಾರೆ, ತಕ್ಷಣ ಮತ್ತೆ ಎತ್ತುತಾರೆ, ಪ್ರತಿ ಸಲಾನೂ ರೆಕ್ಕೆಯ ಮೇನ್ ಸ್ಪಾರ್, ಅಂದ್ರೆ ಒಳಗಿನ ಮುಖ್ಯ ತೊಲೆ, ಬಗ್ಗಿ ವಾಪಸ್ ಬರುತ್ತೆ, ತಂತೀನ ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಹೇಗೆ ಸೋಲುತ್ತೋ ಹಾಗೇ. ಓವರ್‌ಹಾಲ್‌ನಲ್ಲಿ ಬೋಲ್ಟ್ ತೆಗೆದು ಆ ತೂತಿನೊಳಗೆ ಎಡ್ಡಿ ಕರೆಂಟ್ ಪ್ರೋಬ್ (ಕರೆಂಟ್ ಹರಿಸಿ ಲೋಹದ ಬಿರುಕು ಹುಡುಕೋ ಕಡ್ಡಿ) ಬಿಟ್ಟು ನಿಧಾನಕ್ಕೆ ತಿರುಗಿಸ್ತಿದ್ವಿ, ಸ್ಕ್ರೀನ್ ಮೇಲಿನ ಗೆರೆ ಒಂಚೂರು ಜಿಗಿದ್ರೂ ಕೈ ಅಲ್ಲೇ ನಿಂತುಬಿಡೋದು, ಯಾಕಂದ್ರೆ ಆ ಬಿರುಕು ಕಣ್ಣಿಗೆ ಕಾಣೋದೇ ಇಲ್ಲ.

ಕಿರಣ್ ಮೊದಲು ಹಾರಿದ್ದು 1964ರಲ್ಲಿ. ಅದರ ಜಾಗಕ್ಕೆ ಅಂತ ಮಾಡಿದ ಎಚ್‌ಜೆಟಿ-36 2003ರಲ್ಲೇ ಹಾರ್ತು, ಆದ್ರೆ ಸ್ಪಿನ್ (ವಿಮಾನ ಹಿಡಿತ ತಪ್ಪಿ ಸುತ್ತುತ್ತಾ ಕೆಳಗೆ ಬೀಳೋದು) ಸಮಸ್ಯೆಯಿಂದ ವರ್ಷಾನುಗಟ್ಲೆ ತಡವಾಯ್ತು, ಬಾಲದ ಭಾಗ ಬದಲಾಯಿಸಿ ಈಗ ಯಶಸ್ ಅಂತ ಹೆಸರಿಟ್ಟಿದ್ದಾರೆ. ಅಲ್ಲೀತನಕ ಭಾರ ಹೊತ್ತಿದ್ದು ಕಿರಣೇ. 2011ರಲ್ಲಿ ಕಿರಣ್‌ನಲ್ಲೇ ಆಕಾಶದಲ್ಲಿ ಕಸರತ್ತು ಮಾಡ್ತಿದ್ದ ಸೂರ್ಯಕಿರಣ್ ತಂಡದ ಪ್ರದರ್ಶನ ನಿಲ್ಲಿಸಿ ಆ ವಿಮಾನಗಳನ್ನೂ ಟ್ರೇನಿಂಗ್‌ಗೆ ಹಾಕಿದ್ರು, ಅಷ್ಟು ಕೊರತೆ. ಏರ್‌ಫ್ರೇಮ್‌ನಲ್ಲಿ, ಅಂದ್ರೆ ವಿಮಾನದ ಮೈಕಟ್ಟಿನಲ್ಲಿ, ಲೈಫ್ ಇದ್ರೆ ಮಾತ್ರ ಅಪ್‌ಗ್ರೇಡ್ ಮಾಡಿ, ಇಲ್ಲಾಂದ್ರೆ ಹಾಕಿದ ದುಡ್ಡು ನೀರಲ್ಲಿ ಹೋಮ. ಆ ಲೆಕ್ಕದಲ್ಲಿ ಹಾಕ್ ಕಿರಣ್‌ಗಿಂತ ಎಷ್ಟೋ ಚಿಕ್ಕ ವಯಸ್ಸಿಂದು.

ಕೋಡ್_ಗೆಳತಿ:
ನಾನು ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಸಾಫ್ಟ್‌ವೇರ್ ಕಡೆಯವಳು. ಹಾಕ್‌ನಲ್ಲಿ ಸ್ಕ್ರೀನ್, ಕಣ್ಣೆದುರು ಗಾಜಿನ ಮೇಲೆ ಮಾಹಿತಿ ತೋರಿಸೋ ಹೆಡ್-ಅಪ್ ಡಿಸ್‌ಪ್ಲೇ ಎಲ್ಲಾ ಮೊದಲಿಂದಾನೂ ಇದೆ, ಹುಡುಗನಿಗೆ ಅದೇನು ಹೊಸದಾಗಲ್ಲ. ಅಸಲಿ ವಿಷ್ಯ ಆ ಸ್ಕ್ರೀನು, ಅಸ್ತ್ರ ಎಲ್ಲಾ ನಡೆಸೋ ಮಿಷನ್ ಕಂಪ್ಯೂಟರ್ ಯಾರ ಕೈಲಿದೆ ಅನ್ನೋದು. ಕೋಡ್ ಬೇರೆಯವ್ರ ಹತ್ರ ಇದ್ರೆ ಒಂದು ಬಾಂಬ್ ಸೇರಿಸೋಕೂ ಒಂದು ಸಿಂಬಲ್ ಬದಲಾಯಿಸೋಕೂ ಅವ್ರನ್ನೇ ಕೇಳ್ಬೇಕು, ಅವ್ರು ಹೇಳಿದ ರೇಟು, ಅವ್ರು ಹೇಳಿದ ಟೈಮು. ಹಾಕ್-ಐಯಲ್ಲಿ ಎಚ್‌ಎಎಲ್ ತನ್ನದೇ ಕಂಪ್ಯೂಟರ್ ಹಾಕ್ತು, ಎರಡು ಇರುತ್ತೆ, ಒಂದು ಕೈಕೊಟ್ರೆ ಇನ್ನೊಂದು ಹಿಡ್ಕೊಳ್ಳುತ್ತೆ. ಕೋಡ್ ನಮ್ಮದೇ ಆಗಿದ್ದಕ್ಕೆ 2021ರ ಜನವರಿಯಲ್ಲಿ ಒಡಿಶಾ ಕರಾವಳೀಲಿ ಡಿಆರ್‌ಡಿಒದ 125 ಕೆಜಿ ತೂಕದ ‘ಸಾ’ (SAAW) ಅನ್ನೋ ಅಸ್ತ್ರಾನ ಅದರಿಂದ ಬಿಡೋಕಾಯ್ತು, ಅದು ಶತ್ರು ರನ್‌ವೇ ಒಡೆಯೋ ಅಸ್ತ್ರ. ನನಗಂತೂ ಇದೇ ದೊಡ್ಡ ಲಾಭ ಅನ್ಸುತ್ತೆ.

ಟೆಕ್ಸಾಸ್_ಕನ್ನಡಿಗ:
ಮೇಡಂ ಹೇಳಿದ್ದು ನಿಜ, ಆದ್ರೆ ಇದಕ್ಕೊಂದು ಮಿತಿ ಇದೆ. ನಾನಿರೋದು ಸ್ಯಾನ್ ಆಂಟೋನಿಯೋದಲ್ಲಿ, ರಾಂಡಾಲ್ಫ್ ಬೇಸ್‌ನ ಟಿ-38, ಅಮೆರಿಕದವ್ರ ಜೆಟ್ ಟ್ರೇನರ್, ಮನೆ ಮೇಲೇ ಹೋಗುತ್ತೆ. 1959ರಲ್ಲಿ ಮೊದಲು ಹಾರಿದ ವಿಮಾನ ಅದು, ಸಿ ಮಾಡೆಲ್‌ಗೆ ಹೊಸ ಸ್ಕ್ರೀನ್, ಜಿಪಿಎಸ್ ಎಲ್ಲಾ ಹಾಕಿದ್ರು. ಆದ್ರೂ ಎಫ್-35 ಫೈಟರ್‌ಗೆ ಹೋಗೋರಿಗೆ ಬೇಕಾದಷ್ಟು ಹೊತ್ತು ಜೋರಾಗಿ ತಿರುಗಿಸಿ, ಆಗ ಬೀಳೋ ಭಾರ ಮೈಮೇಲೆ ತಗೊಳ್ಳೋಕೆ ಆ ರೆಕ್ಕೆ, ಆ ಇಂಜಿನ್ ಸಾಲಲ್ಲ, ಅದನ್ನ ಯಾವ ಸಾಫ್ಟ್‌ವೇರೂ ತುಂಬಿಕೊಡಲ್ಲ. ಅದಕ್ಕೇ ಟಿ-7ಎ ಅನ್ನೋ ಹೊಸ ಟ್ರೇನರ್ ತರ್ತಿದ್ದಾರೆ. ಜೆಕ್ ಕಂಪನಿ ಏರೋ ಕೂಡ ತನ್ನ ಹಳೇ ಟ್ರೇನರ್ ಎಲ್-39ಗೆ ಹೊಸ ವಿಲಿಯಮ್ಸ್ ಇಂಜಿನ್ ಕೂರಿಸಿ ನೋಡಿ, ಆಮೇಲೆ ರೆಕ್ಕೇನೂ ಬದಲಾಯಿಸಿ ಎಲ್-39ಎನ್‌ಜಿ ಅಂತ ಹೊಸದೇ ಕಟ್ತು.

ಬೀದರ್‌ಮಂದಿ:
ಎಲ್ರಿಗೂ ಭಾಳ ಉಪಕಾರ ಆತು. ಹುಡುಗಗ ಓದಿ ಹೇಳ್ದೆ, ಈಗ ಕಿರಣ್ ನೋಡ್ಬೇಕಂತ ಕುಂತಾನ.

ಏರ್‌ಫ್ರೇಮ್_ಫಿಟ್ಟರ್:
ಬೆಂಗಳೂರಿಗೆ ಬಂದಾಗ ಎಚ್‌ಎಎಲ್ ಮ್ಯೂಸಿಯಂಗೆ ಕರ್ಕೊಂಡು ಹೋಗಿ ಸರ್, ಅಲ್ಲಿ ಕಿರಣ್ ಇದೆ. ಸೀಟು ನೋಡೋಕೆ ಹೇಳಿ. ಹಾಕ್‌ನಲ್ಲಿ ಮೇಷ್ಟ್ರು ಹಿಂದೆ ಕೂತಿರ್ತಾರೆ, ಕಿರಣ್‌ನಲ್ಲಿ ಇಬ್ರೂ ಅಕ್ಕಪಕ್ಕ, ಹುಡುಗ ಸ್ಟಿಕ್ ಎಷ್ಟು ಬಿಗಿಯಾಗಿ ಹಿಡಿದಿದ್ದಾನೆ ಅಂತ ಅವ್ರಿಗೆ ಪಕ್ಕದಲ್ಲೇ ಕಾಣ್ತಿರುತ್ತೆ.