ಗಲ್ಲಾಪೆಟ್ಟಿಗೆಯಲ್ಲಿ ಟಿಕೆಟ್ ಸಿಗುತ್ತಾ?

ಗೆಳೆಯರ ತಂಡವೊಂದು ನಾಟಕ ಆಡುತ್ತಿದೆ, ಅದರ ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಪ್ರದರ್ಶನಕ್ಕೆ ಒಂದು ಗಂಟೆ ಮುಂಚೆ ಬಾಕ್ಸ್ ಆಫೀಸಿನಲ್ಲಿ ಟಿಕೆಟ್ ಸಿಗುತ್ತದೆ ಅಂತ ಇಂಗ್ಲಿಷಿನಲ್ಲಿ ಇತ್ತು. ನಾನು ಹಿಂದೆ ಮುಂದೆ ನೋಡದೆ 'ಟಿಕೆಟ್‌ಗಳು ಗಲ್ಲಾಪೆಟ್ಟಿಗೆಯಲ್ಲಿ ದೊರೆಯುತ್ತವೆ' ಅಂತ ಬರೆದುಬಿಟ್ಟೆ. ಓದಿದ ಗೆಳತಿ, 'ಮುಚ್ಚಳ ತೆಗೆದು ನಾವೇ ಎತ್ಕೋಬೇಕಾ?' ಅಂತ ನಕ್ಕಳು.

ನಗುವಂಥದ್ದೇ. ಸಿನಿಮಾ ಪುಟಗಳಲ್ಲಿ ಈ ಪದ ದಿನಾ ಕಣ್ಣಿಗೆ ಬೀಳುತ್ತದೆ: ಗಲ್ಲಾಪೆಟ್ಟಿಗೆ ಕೊಳ್ಳೆ ಹೊಡೆಯಿತು, ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ಎಲ್ಲ ಕಡೆಯೂ ದುಡ್ಡಿನ ಮಾತೇ. ಟಿಕೆಟ್ ಮಾರುವ ಜಾಗಕ್ಕೆ ಯಾರೂ ಹಾಗನ್ನುವುದಿಲ್ಲ. (ಮಾತಿನಲ್ಲಂತೂ ದುಡ್ಡಿಗೂ 'ಕಲೆಕ್ಷನ್' ಅಂತಲೇ ಅಲ್ವಾ.)

ಗಲ್ಲಾ ಅರಬ್ಬಿ, ಪಾರಸಿ ಕಡೆಯ ಪದ. ಅಲ್ಲಿ ಬೆಳೆ, ದವಸ, ಹುಟ್ಟುವಳಿ ಅನ್ನುವ ಅರ್ಥ. ಹಿಂದಿ, ಮರಾಠಿಗಳಲ್ಲಿ ಅಂಗಡಿಯ ದುಡ್ಡಿನ ಪೆಟ್ಟಿಗೆಯೂ ಆಯಿತು. ಕೆನ್ನೆಯ ಗಲ್ಲಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಲ್ಲಾ ಅಂದರೇ ಪೆಟ್ಟಿಗೆ ಆದಮೇಲೆ ನಾವು ಮತ್ತೊಂದು ಪೆಟ್ಟಿಗೆ ಅಂಟಿಸಿದ್ದೇವೆ, ಇರಲಿ. ನಮ್ಮ ಮಾವನ ದಿನಸಿ ಅಂಗಡಿಯಲ್ಲಿ ಇದ್ದದ್ದು ಇಳಿಜಾರು ಮುಚ್ಚಳದ ಮರದ್ದು, ಮೇಲೊಂದು ಸೀಳು, ಚಿಲ್ಲರೆ ಹಾಕಿದರೆ ಟಣ್ ಅನ್ನುತ್ತಿತ್ತು, ಮಾವ ಊಟಕ್ಕೆ ಎದ್ದರೆ 'ಗಲ್ಲಾದ ಮೇಲೆ ಸ್ವಲ್ಪ ಕೂತಿರು' ಅನ್ನುತ್ತಿದ್ದರು.

ಇಂಗ್ಲಿಷಿನ ಕತೆ ತಿರುಗುಮುರುಗು. ಅಲ್ಲಿನ ಬಾಕ್ಸ್ ದುಡ್ಡಿನದಲ್ಲ. ನಾಟಕಶಾಲೆಯಲ್ಲಿ ಉಳ್ಳವರು ಕೂರಲು ಪಕ್ಕದಲ್ಲಿ ಗೋಡೆ ಕಟ್ಟಿ ಬೇರೆ ಮಾಡಿದ ಜಾಗ ಅದು, ನಮ್ಮ ಹಳೇ ಟಾಕೀಸುಗಳಲ್ಲೂ ಬಾಲ್ಕನಿ ಹತ್ತಿರ ಬಾಕ್ಸ್ ಇರುತ್ತಿತ್ತಲ್ಲ, ಅಂಥದ್ದು. ಅದನ್ನು ಕಾದಿರಿಸುವ ಕಚೇರಿ ಬಾಕ್ಸ್ ಆಫೀಸು. ಈ ಪದ ಬರಹದಲ್ಲಿ ಸಿಗುವುದು ಹದಿನೆಂಟನೇ ಶತಮಾನದಿಂದ, ಗಳಿಕೆ ಅನ್ನುವ ಅರ್ಥ ಬಂದದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ. ಶೇಕ್ಸ್‌ಪಿಯರ್ ಕಾಲದಲ್ಲಿ ಮಣ್ಣಿನ ಹುಂಡಿಯಲ್ಲಿ ಕಾಸು ಕೂಡಿಸುತ್ತಿದ್ದರು, ಅದರಿಂದಲೇ ಈ ಹೆಸರು ಅಂತ ಕೆಲವರು ಹೇಳುತ್ತಾರೆ. ಹುಂಡಿ ನಿಜ, ಲಂಡನ್ನಿನಲ್ಲಿ ಆ ಕಾಲದ ರೋಸ್ ರಂಗಮಂದಿರದ ಜಾಗ ಅಗೆದಾಗ ಅದರ ಚೂರುಗಳೂ ಸಿಕ್ಕಿವೆ. ಆದರೆ ನಡುವೆ ನೂರಕ್ಕೂ ಹೆಚ್ಚು ವರ್ಷ ಈ ಪದದ ಸುಳಿವೇ ಇಲ್ಲ, ಹಾಗಾಗಿ ನನಗೆ ನಂಬಿಕೆ ಇಲ್ಲ. ಅಂದರೆ ನಮ್ಮ ಗಲ್ಲಾಪೆಟ್ಟಿಗೆ ಬಾಕ್ಸ್ ಆಫೀಸಿನ ಎರಡನೇ ಅರ್ಥಕ್ಕೆ, ಅಂದರೆ ಗಳಿಕೆಗೆ, ಮಾತ್ರ ಹೊಂದುತ್ತದೆ.

ಜಾಗಕ್ಕೆ ಏನನ್ನೋಣ? ಕರಪತ್ರದಲ್ಲಿ ಸದ್ಯಕ್ಕೆ 'ಟಿಕೆಟ್ ಕೌಂಟರ್' ಅಂತ ತಿದ್ದಿದ್ದೇನೆ. 'ಟಿಕೆಟ್ ಕಿಂಡಿ' ಅನ್ನಲು ಆಸೆ. ಹಳೇ ಟಾಕೀಸಿನಲ್ಲಿ ಇದ್ದದ್ದು ಕಿಂಡಿಯೇ ತಾನೇ, ಒಂದು ಕೈ ತೂರುವಷ್ಟು ತೂತು, ಅದರೊಳಗೆ ಮೂರು ಜನರ ಕೈ. ತಂಡದವರು ಮಾತ್ರ ಇದು ಹಳ್ಳಿ ಮಾತು ಅಂತ ಮೂಗು ಮುರಿದರು. ಕಂಪನಿ ನಾಟಕಗಳನ್ನು ಹತ್ತಿರದಿಂದ ಕಂಡವರು ಯಾರಾದರೂ ಇದ್ದರೆ ಹೇಳಿ, ಟೆಂಟಿನ ಮುಂದೆ ಟಿಕೆಟ್ ಹರಿದು ಕೊಡುತ್ತಿದ್ದ ಆ ಜಾಗಕ್ಕೆ ನಿಮ್ಮ ಕಡೆ ಏನನ್ನುತ್ತಿದ್ದರು?