ಹಳೆ ಅಮೆರಿಕನ್ ರೇಡಿಯೋ ಕ್ವಿಜ್‌ಗಳು: ಎಲ್ಲಿಂದ ಶುರು ಮಾಡಲಿ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ರಾತ್ರಿ ಶಿಫ್ಟ್ ಮುಗಿಸಿ ಬೆಳಿಗ್ಗೆ ಮನೆಗೆ ಬಂದರೆ ನಿದ್ದೆ ಹತ್ತುವುದಿಲ್ಲ, ಅದಕ್ಕೆ ಕಿವಿಗೆ ಏನಾದರೂ ಹಾಕಿಕೊಂಡು ಮಲಗುತ್ತೇನೆ. ಪಾಡ್‌ಕಾಸ್ಟ್ ಎಲ್ಲ ಬೇಜಾರಾಗಿದೆ. ಹೋದ ವಾರ ಇಂಟರ್ನೆಟ್ ಆರ್ಕೈವ್‌ನಲ್ಲಿ ಸುಮ್ನೆ ತಡಕಾಡುವಾಗ 1940ರ ಆಸುಪಾಸಿನ ಅಮೆರಿಕದ ರೇಡಿಯೋ ಕಾರ್ಯಕ್ರಮಗಳ ದೊಡ್ಡ ರಾಶಿಯೇ ಸಿಕ್ಕಿತು. ನಾಟಕ, ಪತ್ತೇದಾರಿ ಕಥೆ, ಹಾಸ್ಯ ಎಲ್ಲ ಇವೆ. ಆದರೆ ನನಗೆ ಕ್ವಿಜ್ ಹುಚ್ಚು, ಚಂದನದಲ್ಲಿ 'ಥಟ್ ಅಂತ ಹೇಳಿ' ನೋಡುತ್ತಾ ಊಟ ಮಾಡಿ ಬೆಳೆದವನು. ಒಂದು ಕ್ವಿಜ್ ಹಾಕಿ ನೋಡಿದೆ. ಅರ್ಧಕ್ಕರ್ಧ ಬೇಸ್‌ಬಾಲ್, ಜನ ಯಾಕೆ ನಗುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ.

ನಮ್ಮಂಥವರಿಗೆ ರುಚಿಸುವಂಥದ್ದು ಯಾವುದು? ಇನ್ನೊಂದು ಅನುಮಾನ. ಒಂದು ಕಂತು ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ, ಮುಂದಿನದು ಬಾಣಲೆಯಲ್ಲಿ ಹಪ್ಪಳ ಕರಿದ ಹಾಗೆ. ಯಾಕೆ ಹೀಗೆ?

ಒಂಟಿಕೊಪ್ಪಲ್ ಮಾಮ

ಹಿಂದೆ ಮುಂದೆ ನೋಡದೆ 'ಇನ್ಫರ್ಮೇಶನ್ ಪ್ಲೀಸ್' ಕೇಳಿ. 1938ರಲ್ಲಿ ಎನ್‌ಬಿಸಿ ರೇಡಿಯೋ ಜಾಲದಲ್ಲಿ ಶುರುವಾಗಿದ್ದು. ಉಳಿದ ಕ್ವಿಜ್‌ಗಳಲ್ಲಿ ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಬಡಪಾಯಿ ಒದ್ದಾಡುತ್ತಾನೆ. ಇಲ್ಲಿ ಪೂರ್ತಿ ಉಲ್ಟಾ. ಯಾವುದೋ ಊರಿನ ಕೇಳುಗ ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸುತ್ತಾನೆ, ಒದ್ದಾಡುವವರು ಪಂಡಿತರು! ಮೊದಮೊದಲು ಪ್ರಶ್ನೆ ಆಯ್ಕೆಯಾದರೆ 2 ಡಾಲರ್, ಪಂಡಿತರು ಸೋತರೆ ಮೇಲೆ 5 ಡಾಲರ್. ಸೋತಾಗ ಅಂಗಡಿ ಗಲ್ಲಾಪೆಟ್ಟಿಗೆಯ 'ಟಿಣ್' ಶಬ್ದ ಬರುತ್ತದೆ ನೋಡಿ, ಅದನ್ನು ಕೇಳುವ ಖುಷಿಯೇ ಬೇರೆ. ಆಮೇಲೆ ದುಡ್ಡಿನ ಜೊತೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಪೂರ್ತಿ ಸೆಟ್ಟನ್ನೂ ಕೊಡಲು ಶುರು ಮಾಡಿದರು. ಪುಸ್ತಕ ಬಹುಮಾನ ಅಂದರೆ ನಿಮಗೆ ಸೋಮೇಶ್ವರ ಅವರೇ ನೆನಪಾಗಬೇಕು, ಅಲ್ವಾ?

ಪ್ರಶ್ನೆ ಕೇಳುವವರು ಕ್ಲಿಫ್ಟನ್ ಫ್ಯಾಡಿಮನ್, ಪುಸ್ತಕ ವಿಮರ್ಶಕರು. ಮಾತು ಮೆತ್ತಗೆ, ಚುಚ್ಚುವುದು ಮಾತ್ರ ಜೋರು. ಉತ್ತರ ಹೇಳುವವರಲ್ಲಿ ನನ್ನ ಹೀರೋ ಜಾನ್ ಕೀರನ್. ಆತ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಆಟೋಟದ ಅಂಕಣ ಬರೆಯುತ್ತಿದ್ದವರು, ಆದರೆ ಶೇಕ್ಸ್‌ಪಿಯರ್, ಲ್ಯಾಟಿನ್, ಹಕ್ಕಿಗಳು, ಏನು ಕೇಳಿದರೂ ಅಚ್ಚ ನ್ಯೂಯಾರ್ಕ್ ಉಚ್ಚಾರಣೆಯಲ್ಲಿ ಉತ್ತರ ಬರುತ್ತದೆ. ಸಂಗೀತದ ಪ್ರಶ್ನೆ ಬಂದರೆ ಪಿಯಾನೋ ವಾದಕ ಆಸ್ಕರ್ ಲೆವಂಟ್. ಇದರಲ್ಲಿ ಉತ್ತರ ಹೇಳುವವರಿಗೆ ಬರೆದುಕೊಟ್ಟ ಮಾತಿಲ್ಲ. ತಡವರಿಸುವುದು, ಗೊಣಗುವುದು, ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳುವುದು ಎಲ್ಲ ಹಾಗ್ಹಾಗೇ ಇದೆ. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ನಗು ಬರುತ್ತದೆ.

ಒಂದು ಸ್ವಾರಸ್ಯ. ಲಕ್ಕಿ ಸ್ಟ್ರೈಕ್ ಸಿಗರೇಟಿನವರು ಇದರ ಪ್ರಾಯೋಜಕರಾಗಿದ್ದರು. 1942ರಲ್ಲಿ ಪ್ಯಾಕಿನ ಹಸಿರು ಬಣ್ಣ ತೆಗೆದು, ಆ ಹಸಿರು ಯುದ್ಧಕ್ಕೆ ಹೋಗಿದೆ ಅಂತ ಕಾರ್ಯಕ್ರಮದ ಉದ್ದಕ್ಕೂ ಕಿವಿ ತೂತಾಗುವ ಹಾಗೆ ಹೇಳಿಸಿದರು. ಕಾರ್ಯಕ್ರಮ ಹುಟ್ಟುಹಾಕಿದ ಡ್ಯಾನ್ ಗೋಲೆನ್‌ಪಾಲ್‌ಗೆ ತಲೆಕೆಟ್ಟು, ದುಡ್ಡು ಕೊಡುವ ಕಂಪನಿಯ ಮೇಲೇ ಕೋರ್ಟಿಗೆ ಹೋದರು. 1943ರ ಹೊತ್ತಿಗೆ ಸಿಗರೇಟು ಹೋಗಿ ಟೊಮೇಟೊ ಕೆಚಪ್‌ನ ಹೈನ್ಜ್ ಕಂಪನಿ ಪ್ರಾಯೋಜಕರಾಗಿ ಬಂದಿತ್ತು. ಈಗಿನ ಯಾವ ಟಿವಿಯವರಿಗೆ ಇದೆ ಆ ಧೈರ್ಯ?

ಪುಟಾಣಿ ಪ್ರಶ್ನೆ

ಮಾಮ, ಒಪ್ಪುತ್ತೇನೆ, ಆದರೆ ಹೊಸಬರಿಗೆ ಅದು ಸ್ವಲ್ಪ ಜಾಸ್ತಿಯೇ ಆಯಿತು. ನಾನಾದರೆ 'ಟೇಕ್ ಇಟ್ ಆರ್ ಲೀವ್ ಇಟ್' ಅನ್ನುತ್ತೇನೆ. 1940ರಲ್ಲಿ ಸಿಬಿಎಸ್‌ನಲ್ಲಿ ಬಂತು. ಮೊದಲ ಪ್ರಶ್ನೆಗೆ 1 ಡಾಲರ್, ಆಮೇಲೆ 2, 4, 8, ಹೀಗೆ ದುಪ್ಪಟ್ಟಾಗುತ್ತಾ 64ಕ್ಕೆ ನಿಲ್ಲುತ್ತದೆ. ಸಿಕ್ಕಿದ್ದನ್ನು ತಗೊಂಡು ಎದ್ದು ಹೋಗಬಹುದು, ಇಲ್ಲ ಮುಂದಕ್ಕೆ ಆಡಿ ಎಲ್ಲ ಕಳೆದುಕೊಳ್ಳಬಹುದು. ಯಾರಾದರೂ ಆಡುತ್ತೇನೆ ಅಂದ ಕೂಡಲೇ ಸಭೆ ಪೂರ್ತಿ ರಾಗ ಎಳೆದು 'ಆಮೇಲೆ ಅಳ್ತೀಯಾ ನೋಡು' ಅನ್ನುವ ಅರ್ಥದಲ್ಲಿ ಕೂಗುತ್ತದೆ. ಕೋಟಿ ರೂಪಾಯಿಯ ಕ್ವಿಜ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಕಷ್ಟದ ಪ್ರಶ್ನೆಗೆ ಇಂಗ್ಲಿಷಿನಲ್ಲಿ '64 ಡಾಲರ್ ಪ್ರಶ್ನೆ' ಅನ್ನುವ ಮಾತು ಹುಟ್ಟಿದ್ದೇ ಇಲ್ಲಿಂದ.

ನನಗೆ ಇಷ್ಟವಾಗುವುದೇ ಆ ಸಣ್ಣ ಮೊತ್ತ. 1955ರಲ್ಲಿ ಟಿವಿಯವರು ಅದಕ್ಕೆ ಮೂರು ಸೊನ್ನೆ ಸೇರಿಸಿ 64,000 ಮಾಡಿದರು. ಆಮೇಲೆ ಬಂದ ಟಿವಿ ಕ್ವಿಜ್ 'ಟ್ವೆಂಟಿ ಒನ್'ನಲ್ಲಿ ಉತ್ತರವನ್ನು ಮೊದಲೇ ಹೇಳಿಕೊಟ್ಟು ಗೆಲ್ಲಿಸುತ್ತಿದ್ದರು, 1959ರಲ್ಲಿ ಹಾಗೆ ಗೆದ್ದಿದ್ದ ಚಾರ್ಲ್ಸ್ ವ್ಯಾನ್ ಡೋರೆನ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಅದನ್ನು ಒಪ್ಪಿಕೊಂಡರು. 64 ಡಾಲರ್‌ಗೆ ಯಾರು ಇಷ್ಟೆಲ್ಲ ನಾಟಕ ಆಡುತ್ತಾರೆ ಹೇಳಿ.

ಮನೆಯಲ್ಲಿ ಮಕ್ಕಳಿದ್ದರೆ 'ಕ್ವಿಜ್ ಕಿಡ್ಸ್' ಕೂಡ ಇದೆ, ಷಿಕಾಗೋದ್ದು. ಮುಂದೆ ಡಿಎನ್‌ಎ ರಚನೆಗೆ ನೊಬೆಲ್ ಪಡೆದ ಜೇಮ್ಸ್ ವಾಟ್ಸನ್ ಹುಡುಗನಾಗಿದ್ದಾಗ ಅದರಲ್ಲಿ ಕೂತಿದ್ದರು.

ಟೇಪುರಿಪೇರಿ

ಹಪ್ಪಳದ ಪ್ರಶ್ನೆಗೆ ನನ್ನ ಉತ್ತರ. ಆಗ ಎಲ್ಲವೂ ಲೈವ್. ಅಮೆರಿಕದ ಎರಡು ಕರಾವಳಿಗೂ ಗಡಿಯಾರದಲ್ಲಿ 3 ಗಂಟೆ ವ್ಯತ್ಯಾಸ, ಹಾಗಾಗಿ ಎಷ್ಟೋ ಕಾರ್ಯಕ್ರಮಗಳನ್ನು ಒಂದೇ ರಾತ್ರಿ ಎರಡು ಸಲ ಮಾಡುತ್ತಿದ್ದರು, ರೆಕಾರ್ಡ್ ಹಾಕಿ ಕೇಳಿಸುವುದನ್ನು ದೊಡ್ಡ ಜಾಲಗಳು ಒಪ್ಪುತ್ತಿರಲಿಲ್ಲ. ಲೆಕ್ಕಕ್ಕೆ ಇರಲಿ ಅಂತ 16 ಇಂಚಿನ ದೊಡ್ಡ ತಟ್ಟೆಗಳಲ್ಲಿ ಹಿಡಿದಿಡುತ್ತಿದ್ದರು, ಒಂದು ಬದಿಗೆ ಸುಮಾರು 15 ನಿಮಿಷ. ಅರ್ಧ ಗಂಟೆಯ ಕಂತು ನಡುವೆ ತಟಕ್ಕನೆ ಬೇರೆ ಥರ ಕೇಳಿಸಿದರೆ ಅಲ್ಲಿ ತಟ್ಟೆ ತಿರುಗಿಸಿದ್ದಾರೆ ಅಂತ ಅಂದುಕೊಳ್ಳಬಹುದು. ಅವು ಅಲ್ಯೂಮಿನಿಯಂ ಮೇಲೆ ಲ್ಯಾಕರ್ ಅನ್ನುವ ಮೆರುಗಿನ ಲೇಪ ಬಳಿದದ್ದು, ಯುದ್ಧದಲ್ಲಿ ಲೋಹ ಸಿಗದೆ ಗಾಜಿನ ಮೇಲೂ ಬಳಿದರು. ಗಾಜು ಒಡೆಯಿತು, ಲ್ಯಾಕರ್ ಸುಲಿಯಿತು. ಉಳಿದದ್ದೇ ಪುಣ್ಯ. ಸೈನಿಕರಿಗಾಗಿ ಬೇರೆ ತಟ್ಟೆ ಒತ್ತಿಸುತ್ತಿದ್ದರು, ಅದರಲ್ಲಿ ಜಾಹೀರಾತು ಕತ್ತರಿಸಿರುತ್ತಾರೆ. ಒಂದೇ ಕಂತಿನ ಎರಡು ಮೂರು ಪ್ರತಿ ಇದ್ದರೆ ಎಲ್ಲ ಹಾಕಿ ನೋಡಿ, ಕಡತ ದೊಡ್ಡದಿರುವುದು ಸಾಮಾನ್ಯವಾಗಿ ವಾಸಿ.

ನಮ್ಮಮ್ಮ ಒಂದು ಭಾನುವಾರ ವಿವಿಧ ಭಾರತಿಯ ಬೋರ್ನ್‌ವಿಟಾ ಕ್ವಿಜ್ ಅನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಅಮೀನ್ ಸಯಾನಿ ದನಿ, ಮೂರು ಕುಕ್ಕರ್ ವಿಶಲ್, ಪಕ್ಕದ ಮನೆ ನಾಯಿ. ಒಂದು ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಸರಿಯಾಗಿ ವಿಶಲ್ ಕೂಗಿದೆ, ಆ ಉತ್ತರ ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ರಾತ್ರಿಪಾಳಿ

ಮಾಮ, ನಿಮ್ಮ ಮಾತು ಕೇಳಿ ಇವತ್ತು ಬೆಳಿಗ್ಗೆ ಏಳೂವರೆಗೆ 'ಇನ್ಫರ್ಮೇಶನ್ ಪ್ಲೀಸ್' ಹಾಕಿಕೊಂಡು ಮಲಗಿದೆ. ಕಣ್ಣು ಎಳೆಯುತ್ತಿತ್ತು. ಶುರುವಿನಲ್ಲೇ ಹುಂಜ ಕೂಗಿ, ಒಬ್ಬ 'ಏಳಿ, ಅಮೆರಿಕ!' ಅಂತ ಅರಚಿದ. ಇದನ್ನು ಮೊದಲೇ ಹೇಳಬಾರದಿತ್ತಾ?

ಒಂಟಿಕೊಪ್ಪಲ್ ಮಾಮ

ಹೇಳಿದ್ದರೆ ನೀವು ಹಾಕುತ್ತಿದ್ದಿರಾ? ಮೊದಲ ಅರ್ಧ ನಿಮಿಷ ದಾಟಿಸಿ ಹಾಕಿ. ಗಲ್ಲಾಪೆಟ್ಟಿಗೆ ಎಷ್ಟು ಸಲ ಬಡಿಯಿತು ಅಂತ ಎಣಿಸುತ್ತಾ ಮಲಗಿದರೆ ನಿದ್ದೆ ಬರುತ್ತದೆ. ಕೀರನ್ ಇದ್ದ ದಿನ ಜಾಸ್ತಿ ಎಣಿಸಲು ಸಿಗುವುದಿಲ್ಲ.