ಗುಲ್ಮಾರ್ಗ್‌ಗೆ ಮಕ್ಕಳ ಜೊತೆ ಸ್ಕೀಯಿಂಗ್: ಲಗೇಜಿಗೆ ಏನೇನು ಹಾಕಬೇಕು? ಹೋಗಿ ಬಂದವರು ಹೇಳಿ

ಜಯನಗರದ ಪೂರ್ಣಿ
ಜನವರಿ ಕೊನೆ ವಾರ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನ್ರು, 8 ವರ್ಷದ ಮಗ, 4 ವರ್ಷದ ಮಗಳು. ಐದು ದಿನ. ಮಗನಿಗೆ ಮೂರು ದಿನವಾದರೂ ಸ್ಕೀಯಿಂಗ್ ಕಲಿಸಬೇಕು ಅಂತ ಆಸೆ. ನಾವ್ಯಾರೂ ಇದುವರೆಗೆ ಹಿಮ ಮುಟ್ಟಿದವರಲ್ಲ. ವಿಮಾನದಲ್ಲಿ ತಲೆಗೆ 15 ಕೆಜಿ. ಯಾವುದನ್ನು ಕೊಳ್ಳಬೇಕು, ಯಾವುದು ಅಲ್ಲೇ ಬಾಡಿಗೆಗೆ ಸಿಗುತ್ತೆ? ಮುಖ್ಯವಾಗಿ ಚಿಕ್ಕವಳಿಗೆ ಎಂಥಾ ಕೈಗವಸು ತಗೊಳ್ಳಲಿ?

ಪುಟ್ಟಿ ಅಮ್ಮ
ಬಾಡಿಗೆ ಅನ್ನೋ ಮಾತೇ ಎತ್ತಬೇಡಿ ಪೂರ್ಣಿ. 2023ರ ಫೆಬ್ರವರಿಯಲ್ಲಿ ಆ ಮಾತು ನಂಬಿ ಹೋಗಿದ್ದು ನಾವು. ಶ್ರೀನಗರದಿಂದ ಬಂದ ಕಾರು ಟಂಗ್‌ಮಾರ್ಗ್‌ವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ 13 ಕಿಲೋಮೀಟರ್, ಹಿಮದಲ್ಲಿ ಜಾರದ ಹಾಗೆ ಚಕ್ರಕ್ಕೆ ಚೈನ್ ಕಟ್ಟಿದ ಬೇರೆ ಗಾಡಿ. ಗಾಡಿ ಬದಲಾಯಿಸುವ ಆ ಹತ್ತು ನಿಮಿಷದಲ್ಲೇ ಡ್ರೈವರ್ ನಮ್ಮನ್ನು ಒಂದು ಅಂಗಡಿಯೊಳಗೆ ನುಗ್ಗಿಸಿದ. ಕೋಟು, ಗಮ್‌ಬೂಟು, ಗ್ಲೌಸು ಸೇರಿ ತಲೆಗೆ ದಿನಕ್ಕೆ 350. ನಾಲ್ಕು ಜನ, ನಾಲ್ಕು ದಿನ, 5,600.

ಬೂಟಿನೊಳಗೆ ಕೈ ಹಾಕಿ ನೋಡಿದೆ. ಒದ್ದೆ. ಹಿಂದಿನ ದಿನ ಹಾಕಿಕೊಂಡಿದ್ದ ಯಾವುದೋ ಮಗುವಿನ ಬೆವರೋ, ಹಿಮವೋ, ದೇವರಿಗೇ ಗೊತ್ತು. ಒಳಗೆ ಉಣ್ಣೆ ಇಲ್ಲ, ಬರೀ ರಬ್ಬರ್. ಪುಟ್ಟಿಗೆ ಆಗ 5. ಇದ್ದ ಚಿಕ್ಕ ಸೈಜೇ ಎರಡು ಬೆರಳು ಉದ್ದ. ಅಂಗಡಿಯವನು ಪೇಪರ್ ಮಡಚಿ ತುದಿಗೆ ತುರುಕಿಕೊಟ್ಟ. ಮುಕ್ಕಾಲು ಗಂಟೆಯಲ್ಲಿ ಆ ಪೇಪರ್ ನೆನೆದು ಅಂಬಲಿ ಆಯಿತು. ಬೂಟು ಬಿಚ್ಚಿದರೆ ಕಾಲ್ಬೆರಳು ಸುಲಿದ ಬೆಳ್ಳುಳ್ಳಿ ಥರ ಬಿಳಿ. ರೂಮಿಗೆ ಓಡಿ, ಹಾಸಿಗೆಯ ಎಲೆಕ್ಟ್ರಿಕ್ ಕಂಬಳಿ ಹಾಕಿ, ಅವಳ ಎರಡೂ ಪಾದ ನನ್ನ ಹೊಟ್ಟೆಗೆ ಒತ್ತಿಕೊಂಡು ಅರ್ಧ ಗಂಟೆ ಕೂತಿದ್ದೆ. ಅವಳು ಅಳ್ತಾ ಇದ್ದಳು, ನಾನೂ ಅಳ್ತಾ ಇದ್ದೆ. ಇವರು ಕಹ್ವಾ, ಅದೇ ಕಾಶ್ಮೀರಿ ಚಹಾ, ಕುಡಿತಾ ಇದ್ದರು.

ಮಾರನೇ ದಿನ ಅಲ್ಲೇ ಹೊಸ ಬೂಟು, 2,800. ಬಾಡಿಗೆನೂ ಹೋಯಿತು, ಕೊಂಡಿದ್ದೂ ಆಯಿತು. ಕೋಟು ವಾಪಸ್ ಕೊಡುವಾಗ ಜಿಪ್ ಕಿತ್ತಿದೆ ಅಂತ 500 ಹಿಡಿದುಕೊಂಡ. ಆ ಜಿಪ್ ಮೊದಲೇ ಕಿತ್ತಿತ್ತು! ಕೊಂಡುಬಿಡಿ. ಅಷ್ಟೇ.

ಹಾಸನದ ಗೌಡ
ಕೊಂಡುಬಿಡಿ ಅನ್ನೋದು ಸುಲಭ ಅಕ್ಕ. ನಾನು ಕೊಂಡೆ. ಬಿಲ್ ಇನ್ನೂ ಪರ್ಸಿನಲ್ಲಿದೆ, ಓದ್ತೀನಿ ಕೇಳಿ. ಮಕ್ಕಳ ಸ್ಕೀ ಜಾಕೆಟ್ ಎರಡು, 7,998. ಭುಜಕ್ಕೆ ಪಟ್ಟಿ ಇರೋ ಸ್ಕೀ ಪ್ಯಾಂಟು ಎರಡು, 5,598. ಸ್ನೋ ಬೂಟು ನಾಲ್ಕು ಜೊತೆ, 10,196. ಒಳಗೆ ಹಾಕೋ ಥರ್ಮಲ್ ಎಂಟು ಜೊತೆ, 9,592. ಗ್ಲೌಸು, ಟೋಪಿ, ಗಾಗಲ್ಸ್ ಎಲ್ಲ ಸೇರಿ 7,650. ಒಟ್ಟು 41,034. ನಮ್ಮಿಬ್ಬರ ಜಾಕೆಟ್ ಭಾವನ ಮನೆಯಿಂದ ಎರವಲು, ಅದು ಲೆಕ್ಕಕ್ಕಿಲ್ಲ.

ಹೋಗಿದ್ದು 2024ರ ಜನವರಿ, ಎರಡನೇ ವಾರ. ಆ ಸಲ ಗುಲ್ಮಾರ್ಗ್‌ನಲ್ಲಿ ಹಿಮವೇ ಇರಲಿಲ್ಲ, ನೆನಪಿದೆಯಾ? ಪೇಪರಿನಲ್ಲೆಲ್ಲ ಬಂದಿತ್ತು. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲೈ ಕಲಾನ್, ಅಂದರೆ ಕಡು ಚಳಿಗಾಲ. ಆ ನಲವತ್ತರ ನಟ್ಟ ನಡುವೆ ನಮಗೆ ಕಂಡಿದ್ದು ಒಣ ಹುಲ್ಲು. ಏಪ್ರಿಲ್‌ನಲ್ಲಿ ಅರಸೀಕೆರೆ ಕಡೆ ಗುಡ್ಡ ಇರ್ತಾವಲ್ಲ, ಅದೇ ಬಣ್ಣ. ಮಕ್ಕಳು ಸ್ಕೀ ಪ್ಯಾಂಟು ಹಾಕಿಕೊಂಡು ಕುದುರೆ ಸವಾರಿ ಮಾಡಿದರು. ತಿಂಗಳ ಕೊನೆಗೆ ಹಿಮ ಬಿತ್ತು. ಅಷ್ಟೊತ್ತಿಗೆ ನಾವು ಹಾಸನದಲ್ಲಿ.

ಈಗ ಎಲ್ಲಾ ಅಟ್ಟದ ಮೇಲಿದೆ. ದೊಡ್ಡವನು ಬೆಳೆದುಬಿಟ್ಟ. 8 ವರ್ಷದ ಸೈಜ್ ಜಾಕೆಟ್ ಇದೆ, ಹಿಮ ಕಂಡಿದ್ದೇ ಇಲ್ಲ. ಅರ್ಧ ಬೆಲೆಗೆ ಕೊಡ್ತೀನಿ.

ಪುಟ್ಟಿ ಅಮ್ಮ
ಇಲ್ಲಿ ವ್ಯಾಪಾರ ಬೇಡ ಗೌಡ್ರೆ. ಹಿಮ ಬೀಳದಿದ್ದರೆ ಜಾಕೆಟ್ ಏನು ಮಾಡುತ್ತೆ ಪಾಪ?

ಹಾಸನದ ಗೌಡ
ಜಿಪ್ ಕಿತ್ತಿದ್ದಕ್ಕೆ ಇಡೀ ಬಾಡಿಗೆ ಪದ್ಧತಿಗೇ ಶಾಪ ಹಾಕಿದವರು ನೀವು. ನನಗೂ ಒಂದು ಶಾಪಕ್ಕೆ ಅವಕಾಶ ಕೊಡಿ.

ಫ್ರೀಮಾಂಟ್ ಭಟ್ಟ
ಬಟ್ಟೆ ವಿಷಯ ಆಮೇಲೆ. ಮೊದಲು ಚೈನ್. ನಾವು ಕ್ಯಾಲಿಫೋರ್ನಿಯಾದವರು, ಸ್ಕೀಯಿಂಗಿಗೆ ಟಾಹೋ ಬೆಟ್ಟಗಳಿಗೆ ಹೋಗುವವರು. ಪ್ರೆಸಿಡೆಂಟ್ಸ್ ಡೇ ರಜೆ, ಶುಕ್ರವಾರ ಮಧ್ಯಾಹ್ನ 3ಕ್ಕೆ ಹೊರಟೆವು. ಮಾಮೂಲಿ ನಾಲ್ಕು ಗಂಟೆ ದಾರಿ. ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಹಿಮ ಶುರುವಾಯಿತು, 'ಆರ್2' ಬೋರ್ಡ್ ಹಾಕಿದರು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಇದ್ದು, ನಾಲ್ಕಕ್ಕೂ ಸ್ನೋ ಟೈರ್ ಇದ್ದರೆ ಸರಿ, ಇಲ್ಲದವರು ಚೈನ್ ಕಟ್ಟಲೇಬೇಕು. ನಮ್ಮದು ಮಿನಿವ್ಯಾನ್. ಚೈನ್ 95 ಡಾಲರ್ ಕೊಟ್ಟು ತಂದಿದ್ದೆ, ಡಬ್ಬಿ ಒಡೆದಿರಲಿಲ್ಲ. ಕತ್ತಲಲ್ಲಿ, ರಸ್ತೆ ಪಕ್ಕ, ಮೊಣಕಾಲೂರಿ ಡಬ್ಬಿ ಒಡೆದರೆ ಸೈಜ್ ಬೇರೆ. ಕೇಸರಿ ಜಾಕೆಟ್ ಹಾಕಿದ ಒಬ್ಬ ಬಂದು ತನ್ನ ಹತ್ತಿರ ಇದ್ದ ಚೈನ್ ಮಾರಿದ, ತಾನೇ ಕಟ್ಟಿಯೂ ಕೊಟ್ಟ. ಇನ್ನೊಂದು 160 ಡಾಲರ್. ಆಮೇಲೆ ಗಂಟೆಗೆ 30 ಮೈಲಿ. ರಾತ್ರಿ 1 ಗಂಟೆಗೆ ತಲುಪಿದೆವು. ಹಿಂದೆ ಕೂತ ಮಕ್ಕಳಿಬ್ಬರೂ ವಾಂತಿ ಮಾಡಿದ್ದರು. ಮನೆಯವಳು ಸ್ಯಾಕ್ರಮೆಂಟೋ ದಾಟಿದ ಮೇಲೆ ಒಂದು ಮಾತೂ ಆಡಿರಲಿಲ್ಲ.

ಅಷ್ಟೆಲ್ಲ ಆಗಿ ಬೆಳಿಗ್ಗೆ ಮಗಳನ್ನು ಸ್ಕೀ ಕ್ಲಾಸಿಗೆ ಬಿಟ್ಟೆ, 240 ಡಾಲರ್. ಒಳಗೆ ಅಜ್ಜಿ ಕೊಟ್ಟ ಹತ್ತಿ ಬನಿಯನ್ ಹಾಕಿದ್ದಳು. ಹತ್ತಿ ಬೆವರು ಹೀರುತ್ತೆ, ಆದರೆ ಆ ಚಳಿಯಲ್ಲಿ ಒಣಗಲ್ಲ. ಹನ್ನೊಂದಕ್ಕೇ ನಡುಕ. ಅದರ ಮೇಲೆ ಬಾತ್‌ರೂಮಿಗೆ ಅರ್ಜೆಂಟ್. ಭುಜದ ಪಟ್ಟಿ ಪ್ಯಾಂಟು ಅಂತ ಗೌಡ್ರು ಹೇಳಿದರಲ್ಲ, ಅದನ್ನು ಬಿಚ್ಚಬೇಕಾದರೆ ಮೊದಲು ಹೆಲ್ಮೆಟ್, ಗ್ಲೌಸು, ಜಾಕೆಟ್. ಅಷ್ಟರಲ್ಲಿ ಕೆಲಸ ಆಗಿಹೋಗಿತ್ತು. ಇನ್ನೊಂದು ಜೊತೆ ಪ್ಯಾಂಟು ಕಾರಿನಲ್ಲಿ, ಕಾರು ಪಾರ್ಕಿಂಗಿನಲ್ಲಿ, ಪಾರ್ಕಿಂಗಿಗೆ ಶಟಲ್ ಬಸ್ಸು.

ಸನ್‌ಸ್ಕ್ರೀನ್ ಗದ್ದದ ಕೆಳಗೂ ಹಚ್ಚಿ. ಹಿಮ ಬಿಸಿಲನ್ನು ಕೆಳಗಿನಿಂದ ಎತ್ತಿ ಹೊಡೆಯುತ್ತೆ. ನನ್ನ ಮೂಗಿನ ಹೊಳ್ಳೆ ಒಳಗಡೆ ಸುಟ್ಟಿತ್ತು. ಮತ್ತೆ ಕಾಲುಚೀಲ ಯಾವಾಗಲೂ ಎರಡು ಜೊತೆ, ಒಂದರ ಮೇಲೊಂದು.

ಪುಟ್ಟಿ ಅಮ್ಮ
ಭಟ್ರೇ, ಪೂರ್ಣಿ ವಿಮಾನದಲ್ಲಿ ಹೋಗ್ತಿದ್ದಾರೆ. ಚೈನ್ ಯಾವುದಕ್ಕೆ ಕಟ್ಟಲಿ, ವಿಮಾನದ ಚಕ್ರಕ್ಕಾ?

ಮ್ಯೂನಿಕ್ ಮಲೆನಾಡಿಗ
ಎರಡು ಜೊತೆ ಕಾಲುಚೀಲ ಅಂದರಲ್ಲ, ಅದನ್ನು ಯಾರೂ ಪಾಲಿಸಬೇಡಿ. ದಯವಿಟ್ಟು. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್, ಕಾಲಿಗೆ ಬಿಗಿಯಾಗಿಯೇ ಕೂರಬೇಕು. ಒಳಗೆ ಎರಡು ಪದರ ತುರುಕಿದರೆ ಮಡಿಕೆ ಬೀಳುತ್ತೆ, ರಕ್ತ ಓಡಲ್ಲ, ಕಾಲು ಇನ್ನೂ ಜಾಸ್ತಿ ತಣ್ಣಗಾಗುತ್ತೆ. ಒಂದೇ ಜೊತೆ, ತೆಳ್ಳಗೆ, ಮಂಡಿಯವರೆಗೆ ಬರುವಂಥದ್ದು. ಥರ್ಮಲ್ ಪ್ಯಾಂಟಿನ ತುದಿ ಬೂಟಿನೊಳಗೆ ಹೋಗಬಾರದು, ಮೇಲಕ್ಕೆ ಎಳೆದುಬಿಡಿ. ಮಗಳಿಗೆ 4 ವರ್ಷ ಇದ್ದಾಗ ನಾನೂ ಇದೇ ತಪ್ಪು ಮಾಡಿದೆ. ಕಣಕಾಲಿನ ಮುಂದೆ ಎಂಟಾಣೆ ಅಗಲದ ಬೊಬ್ಬೆ ಎದ್ದಿತು. ಆಸ್ಟ್ರಿಯಾದಲ್ಲಿ ಐದು ದಿನದ ಸ್ಕೀ ಶಾಲೆಗೆ 290 ಯೂರೋ ಕಟ್ಟಿದ್ದೆ. ಎರಡನೇ ದಿನಕ್ಕೇ ಮುಗಿಯಿತು. ಡಾಕ್ಟರ್ ಚೀಟಿ ತಂದರೆ ಮಾತ್ರ ದುಡ್ಡು ವಾಪಸ್ ಅಂದರು. ಬೊಬ್ಬೆಗೆ ಚೀಟಿ ಕೇಳಿದರೆ ಡಾಕ್ಟರ್ ನಕ್ಕರು.

ಬೂಟಿನ ಸೈಜು ಅಲ್ಲಿ ಪಾದದ ಉದ್ದದ ಮೇಲೆ, ಸೆಂಟಿಮೀಟರಿನಲ್ಲಿ. ಮನೆಯಲ್ಲೇ ಗೋಡೆಗೆ ಹಿಮ್ಮಡಿ ಕೊಟ್ಟು ನಿಲ್ಲಿಸಿ ಅಳೆದುಕೊಂಡು ಹೋಗಿ. ಹೆಲ್ಮೆಟ್ ಬಿಡಬೇಡಿ. ಇಟಲಿಯಲ್ಲಿ 2022ರಿಂದಲೇ 18ರೊಳಗಿನವರಿಗೆ ಕಡ್ಡಾಯ ಮಾಡಿದರು.

ಫ್ರೀಮಾಂಟ್ ಭಟ್ಟ
ನಾನು 14 ವರ್ಷದಿಂದ ಎರಡು ಜೊತೆ ಹಾಕುತ್ತಿದ್ದೇನೆ. ನನ್ನ ಕಾಲು ಇನ್ನೂ ಇದೆ.

ಮ್ಯೂನಿಕ್ ಮಲೆನಾಡಿಗ
ಹಾಗಾದರೆ 14 ವರ್ಷದಿಂದ ಒಂದು ಸೈಜ್ ದೊಡ್ಡ ಬೂಟು ಹಾಕುತ್ತಿದ್ದೀರಿ. ಇಳಿಜಾರಿನಲ್ಲಿ ತಿರುಗೋಕೆ ಕಷ್ಟ ಆಗಲ್ವಾ ಸರ್?

ಫ್ರೀಮಾಂಟ್ ಭಟ್ಟ
ನನ್ನ ತಿರುಗುವಿಕೆ ನಿಮಗ್ಯಾಕೆ ಸ್ವಾಮಿ.

ಹುಬ್ಬಳ್ಳಿ ಮಾಸ್ತರ
ಎಲ್ಲರೂ ಬಟ್ಟೆ ಬಟ್ಟೆ ಅಂತೀರಿ. ಊಟಕ್ಕೇನು? ನಾವು ಮೊಮ್ಮಕ್ಕಳ ಜೊತೆ ಹೋದಾಗ ಕಡಕ್ ರೊಟ್ಟಿ ಅರವತ್ತು, ಶೇಂಗಾ ಚಟ್ನಿ ಒಂದು ಕಿಲೋ, ಗುರೆಳ್ಳು ಚಟ್ನಿ ಅರ್ಧ ಕಿಲೋ ಒಯ್ದಿದ್ದೆವು. ಐದು ದಿನ ಏನೂ ಆಗಲಿಲ್ಲ. ಆ ಚಳಿಗೆ ರೊಟ್ಟಿ ಮತ್ತಷ್ಟು ಕಡಕ್ ಆದವು. ಮೊಮ್ಮಗನಿಗೆ ಹೋಟೆಲಿನ ಖಾರ ಆಗಲಿಲ್ಲ, ರೊಟ್ಟಿ ಮುರಿದು ಹಾಲಿನಲ್ಲಿ ಹಾಕಿ ಕೊಟ್ಟೆವು. ಆದರೆ ಹಾಲು ಕಾಯಿಸಲು ಒಯ್ದ ಕೆಟಲ್ ಹಚ್ಚಿದ ಕೂಡಲೇ ರೂಮಿನ ಕರೆಂಟ್ ಹೋಯಿತು. ಹೀಟರು, ಕಂಬಳಿ, ಕೆಟಲ್ ಮೂರೂ ಒಮ್ಮೆಲೇ ತಡೆಯಲಿಲ್ಲ. ಮ್ಯಾನೇಜರ್ ಮೇಲೆ ಬಂದ, ನಮ್ಮಾಕಿ ಅವನಿಗೂ ಒಂದು ರೊಟ್ಟಿ ಕೊಟ್ಟಳು.

ಕೊಬ್ಬರಿ ಎಣ್ಣೆ ಒಯ್ಯಬೇಡಿ. 24 ಡಿಗ್ರಿಗೇ ಗಟ್ಟಿಯಾಗುವ ವಸ್ತು, ಅಲ್ಲಿ ಸೊನ್ನೆಗಿಂತ ಕೆಳಗೆ. ಬಾಟಲಿ ಒಡೆದು ಚಮಚೆಯಿಂದ ಕೆರೆಯಬೇಕಾಯಿತು. ವ್ಯಾಸಲೀನ್ ಒಯ್ಯಿರಿ, ತುಟಿಗೆ, ಗಲ್ಲಕ್ಕೆ, ಮೂಗಿಗೆ. ಇನ್ನೊಂದು, ನಮ್ಮ ಪ್ರೀಪೇಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ಬೇಕು. ಅದು ಗೊತ್ತಾಗಿದ್ದು ಶ್ರೀನಗರದಲ್ಲಿ ಇಳಿದ ಮೇಲೆ. ಮಗ ಒಂದು ಕಡೆ, ನಾವು ಒಂದು ಕಡೆ, ಫೋನಿಲ್ಲ.

ಚಕ್ಕಡಿ ಥರ ಮಕ್ಕಳನ್ನು ಕೂರಿಸಿ ಎಳೆಯುವ ಸ್ಲೆಜ್‌ನವರ ಜೊತೆ ಮೊದಲೇ ರೇಟು ಮಾತಾಡಿ. ನಮ್ಮಿಂದ 1,500 ಕಿತ್ತರು. ಶುದ್ಧ ಲೂಟಿ.

ಕುಂದಾಪುರದ ಕುಸುಮ
ಲೂಟಿ ಅನ್ನಬೇಡಿ ಮಾಸ್ತರೇ. ನಾವು ಹೋದಾಗ ನಮ್ಮ ಸ್ಲೆಜ್ ಎಳೆದವನ ಕೈಯಲ್ಲಿ ಗ್ಲೌಸಿರಲಿಲ್ಲ. ಫಿರನ್ ಅನ್ನುವ ಉದ್ದ ನಿಲುವಂಗಿಯ ಒಳಗೆ ಕಾಂಗ್ಡಿ, ಅಂದರೆ ಕೆಂಡದ ಮಡಕೆ, ಇಟ್ಟುಕೊಂಡು ಕೈ ಕಾಯಿಸಿಕೊಂಡು, ಮತ್ತೆ ಹಗ್ಗ ಹಿಡಿದ. ಹಿಮದ ಸೀಸನ್ ಅಂದರೆ ವರ್ಷಕ್ಕೆ ಮೂರ್ನಾಲ್ಕು ತಿಂಗಳು. ಗೌಡ್ರು ಹೇಳಿದ ಹಾಗೆ ಕೆಲವು ವರ್ಷ ಅದೂ ಇಲ್ಲ. ನಿಮ್ಮ ಮೊಮ್ಮಗ ಎಷ್ಟು ಕೆಜಿ?

ಹುಬ್ಬಳ್ಳಿ ಮಾಸ್ತರ
ಕೂತದ್ದು ಮೊಮ್ಮಗ ಅಲ್ಲ, ನಾನು.

ಕುಂದಾಪುರದ ಕುಸುಮ
ಹಾಗಾದರೆ 1,500 ಕಡಿಮೆಯೇ ಆಯಿತು.

ಪುಟ್ಟಿ ಅಮ್ಮ
ಗೊಂಡೋಲಾ, ಅಂದರೆ ಅಲ್ಲಿನ ಕೇಬಲ್ ಕಾರ್, ವಿಷಯ ಯಾರೂ ಹೇಳಲಿಲ್ಲ. ಮೊದಲ ಹಂತ ಕೊಂಗ್ಡೂರಿವರೆಗೆ. ಎರಡನೇ ಹಂತ ಅಫರ್ವಾತ್, ಹೆಚ್ಚು ಕಡಿಮೆ 4,000 ಮೀಟರ್ ಎತ್ತರ. ಇವರು ಹಠ ಮಾಡಿ ಟಿಕೆಟ್ ತೆಗೆದರು. ಮೇಲೆ ಹೋಗಿ ಹತ್ತು ನಿಮಿಷಕ್ಕೆ ತಲೆನೋವು ಶುರು, ಫೋನ್ ಬ್ಯಾಟರಿ 60ರಿಂದ ಒಂದೇ ಸಲ ಆಫ್. ಫೋನನ್ನು ಒಳಗಿನ ಜೇಬಿನಲ್ಲಿ, ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಬೇಕಂತೆ. ಇಳಿದ ಮೇಲೆ ಗೊತ್ತಾಯಿತು. ಅಷ್ಟು ದುಡ್ಡು ಕೊಟ್ಟು ಹೋಗಿ ಒಂದೇ ಒಂದು ಫೋಟೋ ಇಲ್ಲ.

ಹಾಸನದ ಗೌಡ
ನಮ್ಮ ಹತ್ತಿರ ಫೋಟೋ ಇದೆ. ಹುಲ್ಲಿನದ್ದು.

ಜಯನಗರದ ಪೂರ್ಣಿ
ಎಲ್ಲರಿಗೂ ಥ್ಯಾಂಕ್ಸ್. ಸಿಮ್ ವಿಷಯ ನಿಜಕ್ಕೂ ಗೊತ್ತಿರಲಿಲ್ಲ, ಇವತ್ತೇ ಯಜಮಾನ್ರದ್ದು ಬದಲಾಯಿಸಿದೆವು. ಹೆಲ್ಮೆಟ್ ಕೊಳ್ತೀವಿ. ಬೂಟು ಕೊಳ್ತೀವಿ. ಮಗನ ಜಾಕೆಟ್ ಬಗ್ಗೆ ಗೌಡ್ರಿಗೆ ಮೆಸೇಜ್ ಮಾಡಿದ್ದೇನೆ, ಪುಟ್ಟಿ ಅಮ್ಮ ಬೇಜಾರು ಮಾಡ್ಕೋಬೇಡಿ. ಚಿಕ್ಕವಳ ಕೈಗವಸು ಮಾತ್ರ ಯಾರೂ ಹೇಳಲಿಲ್ಲ.

ಮ್ಯೂನಿಕ್ ಮಲೆನಾಡಿಗ
ಐದು ಬೆರಳಿನದ್ದು ಬೇಡ. ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕೂ ಒಂದೇ ಚೀಲದಲ್ಲಿ ಇರುವಂಥದ್ದು ತಗೊಳ್ಳಿ. ಬೆರಳುಗಳು ಒಟ್ಟಿಗಿದ್ದರೆ ಒಂದಕ್ಕೊಂದು ಬೆಚ್ಚಗಿಡುತ್ತವೆ. 4 ವರ್ಷದ ಮಗುವಿಗೆ ಹಾಕೋದೂ ಸುಲಭ, ಒಂದೊಂದೇ ಬೆರಳು ಹುಡುಕಿ ತೂರಿಸಬೇಕಿಲ್ಲ. ನೀರು ಇಳಿಯಬಾರದು, ಮುಂಗೈವರೆಗೆ ಉದ್ದ ಇರಬೇಕು. ಎರಡು ಜೊತೆ ಇಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು. ಎರಡಕ್ಕೂ ಒಂದು ದಾರ ಹೊಲಿದು, ಜಾಕೆಟ್ ತೋಳಿನೊಳಗಿಂದ ಬೆನ್ನ ಮೇಲೆ ಹಾಯಿಸಿಬಿಡಿ, ಬಿಚ್ಚಿದರೂ ನೇತಾಡುತ್ತಿರುತ್ತೆ. ಮಫ್ಲರ್ ಬೇಡ, ಇಳಿಜಾರಿನ ಮೇಲಕ್ಕೆ ಒಯ್ಯುವ ಸ್ಕೀ ಲಿಫ್ಟಿಗೆ ಸಿಕ್ಕಿಕೊಳ್ಳುತ್ತೆ. ಕುತ್ತಿಗೆಗೆ ತಲೆಯಿಂದ ಎಳೆದುಕೊಳ್ಳುವ ಬಟ್ಟೆ ಬಳೆ ಸಾಕು.

ಫ್ರೀಮಾಂಟ್ ಭಟ್ಟ
ಕೈಗವಸು ಎರಡು ಜೊತೆ ಆಗಬಹುದು, ಕಾಲುಚೀಲ ಎರಡು ಜೊತೆ ಆಗಬಾರದು. ಸರಿ.

ಹಾಸನದ ಗೌಡ
ಪೂರ್ಣಿಯವರೇ, ಅವರು ಹೇಳಿದಂಥದ್ದೇ ನಮ್ಮ ಹತ್ತಿರ ಇದೆ, ಗುಲಾಬಿ ಬಣ್ಣ, 4 ವರ್ಷದ ಸೈಜು. ದುಡ್ಡೇನೂ ಬೇಡ, ಜಾಕೆಟ್ ಜೊತೆ ಸುಮ್ನೆ ಕೊಡ್ತೀನಿ. ಬಲಗೈದು ಮಾತ್ರ ಇರೋದು. ಎಡಗೈದು ಕುದುರೆ ಮೇಲಿಂದ ಬಿದ್ದುಹೋಯಿತು, ದಾರ ಹೊಲಿದಿರಲಿಲ್ಲ.